ಹೊಸ ಹಿಮ್ಮಡಿ: ಒಬ್ಬ ಅಡುಗೆಯವನ ವಿಮರ್ಶೆ

ಐದಕ್ಕೆ ನಾಲ್ಕು ಸ್ಟಾರ್. ಆಪರೇಷನ್ನಿಗೆ ಮಾತ್ರ ಅಂತ ಕೇಳಿದರೆ ಐದಕ್ಕೆ ಐದೂ ಕೊಡುತ್ತೇನೆ. ಒಂದು ಕಳೆದದ್ದು ಆಮೇಲಿನ ಉಪಚಾರಕ್ಕೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯ ಅಡುಗೆಯವನು. ಮದುವೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಾವುದಾದರೂ ಸರಿ. ಬೆಳಗಿನ ಜಾವ ಒಲೆ ಮುಂದೆ ನಿಂತರೆ ಕಡೇ ಪಂಕ್ತಿ ಏಳುವ ತನಕ ಕೂರುವ ಮಾತಿಲ್ಲ. ಅದೂ ಬರಿಗಾಲಲ್ಲಿ. ಅಡುಗೆ ಮನೆಗೆ ಚಪ್ಪಲಿ ಹಾಕಿಕೊಂಡು ಬಂದ ಭಟ್ಟನನ್ನು ನಮ್ಮ ಕಡೆ ಯಾರೂ ಒಳಗೆ ಬಿಡುವುದಿಲ್ಲ. ಹಾಗಾಗಿ ಹಿಮ್ಮಡಿ ಹೋದರೆ ನನಗೆ ಸಂಪಾದನೆಯೇ ಹೋದ ಹಾಗೆ. ಈ ಬರಹ ಬರೆಯುತ್ತಿರುವುದು ಅಂಗಾಲಿನ ಚರ್ಮ ಕಳೆದುಕೊಂಡು "ಗ್ರಾಫ್ಟ್ ಮಾಡ್ತಾರಂತೆ, ಫ್ಲ್ಯಾಪ್ ಅಂತೆ, ಏನೋ ಒಂದು" ಎಂದು ತಲೆಕೆಡಿಸಿಕೊಂಡು ಕೂತವರಿಗೆ. ಏನೋ ಒಂದು ಅಲ್ಲ. ಒಂದಕ್ಕೂ ಇನ್ನೊಂದಕ್ಕೂ ಭಾರೀ ವ್ಯತ್ಯಾಸ ಇದೆ.

ನನಗಾದದ್ದು ಇಷ್ಟು. ಮಳೆಗಾಲ, ಬೈಕ್ ಜಾರಿತು. ಹಿಂದೆ ಕೂತಿದ್ದ ನನ್ನ ಎಡ ಹಿಮ್ಮಡಿಯ ಮೇಲೆ ಪಿಕಪ್ ಗಾಡಿಯ ಚಕ್ರ ತಿರುಗಿತು. ಮೂಳೆ ಮುರಿಯಲಿಲ್ಲ. ಆದರೆ ಹಿಮ್ಮಡಿಯ ಚರ್ಮ ಅಡಿಯ ಕೊಬ್ಬಿನ ಸಮೇತ ಎದ್ದು ಬಂತು, ಹಿಂಭಾಗದಲ್ಲಿ ಸ್ವಲ್ಪ ಅಂಟಿಕೊಂಡಿತ್ತು. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಅದನ್ನೇ ಮತ್ತೆ ಕೂರಿಸಿ ಹೊಲಿದು, ದಪ್ಪ ಪಟ್ಟಿ ಸುತ್ತಿ, "ಒಣಗಲಿ" ಅಂದರು. ಪಟ್ಟಿ ಬಿಚ್ಚಿ ನೋಡುವ ಮನಸ್ಸು ಅಲ್ಲಿ ಯಾರಿಗೂ ಬರಲಿಲ್ಲ. ವಾಸನೆ ಬಂದ ಮೇಲೆ ನಮ್ಮ ಮನೆಯವಳೇ ಗಲಾಟೆ ಮಾಡಿ ಬಿಚ್ಚಿಸಿದಳು. ಒಳಗೆ ಹಿಮ್ಮಡಿ ಇದ್ದಿಲ ಬಣ್ಣಕ್ಕೆ ತಿರುಗಿತ್ತು.

ಹೊಲಿದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆಮೇಲೆ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್ ಮೇಡಂ ವಿವರಿಸಿದ ಪ್ರಕಾರ, ಚಕ್ರ ತಿರುಗುವಾಗ ಚರ್ಮವನ್ನು ಬುಡದಿಂದ ಸೆಳೆಯುತ್ತದೆ, ಕೆಳಗಿನಿಂದ ಮೇಲೆ ಬರುವ ಸಣ್ಣ ರಕ್ತನಾಳಗಳೆಲ್ಲ ಕಿತ್ತುಹೋಗುತ್ತವೆ. ಮೊದಲ ದಿನ ನೋಡಲು ಚರ್ಮ ಚೆನ್ನಾಗಿಯೇ ಕಾಣುತ್ತದೆ, ಆದರೆ ರಕ್ತ ಇರುವುದಿಲ್ಲ. ಕೆಲವರಿಗೆ ಉಳಿಯುತ್ತದೆ, ಹಲವರಿಗೆ ಸಾಯುತ್ತದೆ. ದಿನಾ ಬಿಚ್ಚಿ ನೋಡಿ, ಸತ್ತದ್ದನ್ನು ಬೇಗ ತೆಗೆಯಬೇಕು. ನನ್ನ ದೂರು ಅಷ್ಟಕ್ಕೆ ಮಾತ್ರ: ನೋಡಲಿಲ್ಲ. ಅವರಿಗೆ ಒಂದು ಸ್ಟಾರ್, ಅದೂ ಟಿಟಿ ಇಂಜೆಕ್ಷನ್ ಮರೆಯದೆ ಕೊಟ್ಟದ್ದಕ್ಕೆ.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆದದ್ದು. ಆಮೇಲೆ ವ್ಯಾಕ್ ಅಂತ ಒಂದು ಯಂತ್ರ ಹಚ್ಚಿದರು. ಗಾಯದ ಅಳತೆಗೆ ಕತ್ತರಿಸಿದ ಸ್ಪಂಜು, ಅದರ ಮೇಲೆ ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಹಾಳೆ, ಅದರಿಂದ ಒಂದು ನಳಿಕೆ, ನಳಿಕೆಯ ತುದಿಗೆ ಹೀರುವ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ 125 ಅಂತ ತೋರಿಸುತ್ತಿತ್ತು, ಅದು ಪಾದರಸದ ಮಿಲಿಮೀಟರ್ ಲೆಕ್ಕದ ಒತ್ತಡ. ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ಬದಲಾಯಿಸುತ್ತಾರೆ. ಬದಲಾಯಿಸುವ ದಿನ ನೋವಿನ ಮಾತ್ರೆ ಮುಂಚೆಯೇ ಕೇಳಿ ತಗೊಳ್ಳಿ, ಸ್ಪಂಜಿನ ಸಂದಿಗೆ ಹೊಸ ಮಾಂಸ ಬೆಳೆದು ಹಿಡಿದುಕೊಂಡಿರುತ್ತದೆ. ಹಾಳೆ ಎಲ್ಲಾದರೂ ಸಡಿಲವಾದರೆ ನಡುರಾತ್ರಿಯಲ್ಲಿ ಪೆಟ್ಟಿಗೆ ಕೂಗಲು ಶುರುಮಾಡುತ್ತದೆ, ಇಡೀ ವಾರ್ಡು ನಿಮ್ಮನ್ನು ಶಪಿಸುತ್ತದೆ. ಯಂತ್ರಕ್ಕೆ ನಾಲ್ಕು ಸ್ಟಾರ್. ಕೆಲವರು ಇದರಿಂದಲೇ ಗಾಯ ಮುಚ್ಚಿಹೋಗುತ್ತದೆ ಅಂತ ತಿಳಿದಿರುತ್ತಾರೆ. ಅದು ನೆಲ ಹದ ಮಾಡಿ ಕೊಡುತ್ತದೆ ಅಷ್ಟೆ, ಮುಚ್ಚುವ ಕೆಲಸ ಬೇರೆ.

ಮುಚ್ಚುವುದು ಹೇಗೆ ಎಂಬ ಚರ್ಚೆಯೇ ನನಗೆ ಈ ಆಸ್ಪತ್ರೆಯಲ್ಲಿ ಬಹಳ ಇಷ್ಟವಾದದ್ದು. ಮೇಡಂ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು, ಕೇಸ್ ಶೀಟಿನ ಹಿಂದೆ ಪಾದದ ಚಿತ್ರ ಬರೆದರು.

"ಭಟ್ರೇ, ಅಂಗಾಲಿನ ಚರ್ಮ ಬೇರೆ ಚರ್ಮದ ಹಾಗಲ್ಲ. ಕೂದಲಿಲ್ಲ, ಎಣ್ಣೆ ಗ್ರಂಥಿ ಇಲ್ಲ, ಬೆವರು ಮಾತ್ರ ಜಾಸ್ತಿ. ಮುಂಗೈ ಚರ್ಮ ಹಿಡಿದು ಎಳೀರಿ, ಬರ್ತದೆ. ಹಿಮ್ಮಡಿದು ಎಳೀರಿ ನೋಡುವ."

ಎಳೆದು ನೋಡಿದೆ, ಬಲಗಾಲಿನದ್ದು. ಬರಲಿಲ್ಲ. ಅಡಿಯಲ್ಲಿ ನಾರಿನ ಗೋಡೆಗಳು ಚರ್ಮವನ್ನು ಒಳಗಿನ ಪೊರೆಗೆ ಬಿಗಿದಿರುತ್ತವಂತೆ, ಆ ಗೋಡೆಗಳ ನಡುವೆ ಜೇನುತಟ್ಟಿನ ಕಣ್ಣುಗಳ ಹಾಗೆ ಕೋಣೆ ಕೋಣೆಗಳಲ್ಲಿ ಕೊಬ್ಬು ತುಂಬಿರುತ್ತದೆ. ನಾವು ನಿಂತಾಗ ಭಾರ ಹೊರುವುದು ಆ ಕೊಬ್ಬು, ಅದನ್ನು ಅತ್ತಿತ್ತ ಸರಿಯದಂತೆ ಹಿಡಿಯುವುದು ಆ ಗೋಡೆ. ಒಮ್ಮೆ ಹೋದರೆ ಅದನ್ನು ಮತ್ತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಮಾಡಬಹುದಾದದ್ದು ಅದಕ್ಕೆ ಹತ್ತಿರದ್ದನ್ನು ತಂದು ಹಾಕುವುದು. ಎಲ್ಲಿಂದ ತರುತ್ತಾರೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ.

ಅವರು ಮೊದಲು ಕೇಳಿದ ಪ್ರಶ್ನೆ ಗಾಯದ್ದಾಗಿರಲಿಲ್ಲ. "ನೀವು ದಿನಕ್ಕೆ ಎಷ್ಟು ಹೊತ್ತು ನಿಲ್ತೀರಿ? ಚಪ್ಪಲಿ ಹಾಕ್ತೀರಾ?" ಎಂದರು. ಆ ಒಂದು ಪ್ರಶ್ನೆಗೇ ನಾನು ಅರ್ಧ ಮಾರ್ಕು ಹಾಕಿಬಿಟ್ಟೆ.

ಇನ್ನು ಒಂದೊಂದಾಗಿ ಹೇಳುತ್ತೇನೆ. ನನ್ನದನ್ನು ಬಿಟ್ಟು ಉಳಿದದ್ದು ಅಕ್ಕಪಕ್ಕದ ಮಂಚದವರಿಂದ ತಿಳಿದದ್ದು. ವಾರ್ಡಿನಲ್ಲಿ ಒಬ್ಬರ ಕಾಲು ಇನ್ನೊಬ್ಬರು ನೋಡದೆ ದಿನ ಕಳೆಯುವುದಿಲ್ಲ.

ಗ್ರಾಫ್ಟ್. ತೊಡೆಯ ಮೇಲಿನಿಂದ ಚರ್ಮದ ತೆಳು ಪದರ ಹೆರೆದು ತಂದು ಗಾಯದ ಮೇಲೆ ಹಾಸುವುದು. ಇದಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಮೊದಲ ಒಂದೆರಡು ದಿನ ಗಾಯದಿಂದ ಜಿನುಗುವ ನೀರಿನಲ್ಲೇ ಬದುಕಿರುತ್ತದೆ, ಆಮೇಲೆ ಕೆಳಗಿನ ನಾಳಗಳು ಬಂದು ಕೂಡಿಕೊಳ್ಳುತ್ತವೆ. ಆದ್ದರಿಂದ ಅಡಿಯಲ್ಲಿ ರಕ್ತ, ಕೀವು ನಿಂತರೂ ಕೆಟ್ಟಿತು, ಮೇಲಿನದು ಒಂದಿಷ್ಟು ಸರಿದರೂ ಕೆಟ್ಟಿತು. ಸಾಮಾನ್ಯವಾಗಿ ಐದನೇ ದಿನ ಬಿಚ್ಚುತ್ತಾರೆ. ಬರೀ ಮೂಳೆ ಕಾಣುತ್ತಿದ್ದರೆ ಅದರ ಮೇಲೆ ಹಿಡಿಯುವುದಿಲ್ಲ. ನನ್ನ ಎದುರು ಮಂಚದಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ಇದ್ದರು, ಅಂಗಾಲಿನ ಗುಳಿಯ ಕಡೆ ಹುಣ್ಣು. ಅವರಿಗೆ ಮೊದಲು ಕಾಲಿನ ರಕ್ತನಾಳದ ಬ್ಲಾಕ್ ತೆಗೆದು, ಆಮೇಲೆ ವ್ಯಾಕ್ ಹಚ್ಚಿ, ಕೊನೆಗೆ ಗ್ರಾಫ್ಟ್ ಮಾಡಿದರು. ಚೆನ್ನಾಗಿ ಹಿಡಿಯಿತು, ಬೇಗ ಮನೆಗೂ ಹೋದರು. ಗುಳಿ ನೆಲಕ್ಕೆ ತಾಗುವುದಿಲ್ಲವಲ್ಲ, ಅಲ್ಲಿಗೆ ಅದೇ ಸಾಕು, ಹೆಚ್ಚಿನದು ಮಾಡುವುದು ದಂಡ. ಆದರೆ ಅದೇ ತೆಳು ಚರ್ಮವನ್ನು ಹಿಮ್ಮಡಿಗೆ ಹಾಕಿದರೆ? ಭಾರ ಬೀಳುವ ಜಾಗ, ನಡೆಯುವಾಗ ಉಜ್ಜುವ ಜಾಗ. ಅಂಚಿನಲ್ಲಿ ಜಡ್ಡುಗಟ್ಟುತ್ತದೆ, ಜಡ್ಡು ಸೀಳುತ್ತದೆ, ಸೀಳಿದ್ದು ಹುಣ್ಣಾಗುತ್ತದೆ. ಹಿಮ್ಮಡಿಗೆ ಗ್ರಾಫ್ಟ್ ಮಾಡಿಸಿಕೊಂಡೂ ವರ್ಷಗಟ್ಟಲೆ ಓಡಾಡಿಕೊಂಡಿರುವವರೂ ಇದ್ದಾರೆ ಅಂತ ಮೇಡಮ್ಮೇ ಹೇಳಿದರು, ಜೋಪಾನ ಮಾಡಿಕೊಳ್ಳುವವರು, ಹೆಚ್ಚು ನಿಲ್ಲದವರು. ನನ್ನ ಕಸುಬಿಗೆ ಅದು ಆಗುವ ಮಾತಲ್ಲ.

ಗುಳಿಯ ಫ್ಲ್ಯಾಪ್. ಇದು ನನಗೆ ಮಾಡಿದ್ದು. ಫ್ಲ್ಯಾಪ್ ಅಂದರೆ ಚರ್ಮ, ಅದರಡಿಯ ಕೊಬ್ಬು, ಅದಕ್ಕೆ ಬರುವ ರಕ್ತನಾಳ, ಎಲ್ಲವನ್ನೂ ಒಟ್ಟಿಗೆ ಸರಿಸುವುದು. ಅಂಗಾಲಿನ ಒಳಮಗ್ಗುಲಿನ ಗುಳಿಯಲ್ಲಿ ಇರುವುದೂ ಅಂಗಾಲಿನದ್ದೇ ಚರ್ಮ, ಆದರೆ ಭಾರ ಹೊರದ ಜಾಗ. ಅಲ್ಲಿಂದ ಅದನ್ನು ಅದರ ನಾಳ ಮತ್ತು ನರದ ಕವಲು ಕತ್ತರಿಸದಂತೆ ಬಿಡಿಸಿ, ಹಿಂದಕ್ಕೆ ತಿರುಗಿಸಿ ಹಿಮ್ಮಡಿಗೆ ಕೂರಿಸುತ್ತಾರೆ. ಖಾಲಿಯಾದ ಗುಳಿಗೆ ತೊಡೆಯ ಗ್ರಾಫ್ಟ್. ಭಾರ ಬೀಳುವಲ್ಲಿ ಗಟ್ಟಿ ಚರ್ಮ, ಬೀಳದಲ್ಲಿ ತೆಳು ಚರ್ಮ. ಲೆಕ್ಕ ಸರಿಯಿದೆ. 1979ರಲ್ಲಿ ಶನಹನ್, ಗಿಂಗ್ರಾಸ್ ಎಂಬ ಅಮೆರಿಕದ ಸರ್ಜನ್ನರು ಇದನ್ನು ಹಿಮ್ಮಡಿಗೆಂದು ಬರೆದು ತೋರಿಸಿದ್ದು, ಇವತ್ತಿಗೂ ಹಿಮ್ಮಡಿ ಅಂದರೆ ಮೊದಲು ಇದರ ಬಗ್ಗೆಯೇ ಯೋಚಿಸುತ್ತಾರೆ. ನರ ಉಳಿಯುವುದರಿಂದ ಸ್ಪರ್ಶ ಉಳಿಯುತ್ತದೆ, ಇದರ ದೊಡ್ಡ ಗುಣ ಅದು. ದೋಷ ಏನೆಂದರೆ ಸಿಗುವ ಚರ್ಮ ಅಷ್ಟೇ, ಅಂಗೈ ಅಗಲದ ಒಳಗಿನ ಗಾಯಕ್ಕೆ ಸಾಕು, ಇಡೀ ಅಂಗಾಲಿಗೆ ಸಾಲದು. ಗುಳಿಗೂ ಪೆಟ್ಟಾಗಿದ್ದರೆ, ಅಥವಾ ಹರಡಿನ, ಅಂದರೆ ಕಾಲಿನ ಗಿಣ್ಣಿನ, ಹಿಂದಿನಿಂದ ಇಳಿಯುವ ರಕ್ತನಾಳ ಕೆಟ್ಟಿದ್ದರೆ ಇದು ಇಲ್ಲವೇ ಇಲ್ಲ. ಹಾಗಾಗಿ ಡಾಪ್ಲರ್ ಹಿಡಿದು ಕೇಳಿಸಿಕೊಂಡರು. ಶ್ಶುಕ್ ಶ್ಶುಕ್ ಎಂದು ನನ್ನ ಕಾಲಿನ ರಕ್ತ ಹರಿಯುವುದನ್ನು ನಾನೇ ಕೇಳಿದೆ.

ಮೀನಖಂಡದ ಫ್ಲ್ಯಾಪ್. ಸೂರಲ್ ಫ್ಲ್ಯಾಪ್ ಅನ್ನುತ್ತಾರೆ. ಪಕ್ಕದ ಮಂಚದಲ್ಲಿ ಮೂಡಿಗೆರೆ ಕಡೆಯ ಮರ ಕೊಯ್ಯುವವರೊಬ್ಬರು, ದಿಮ್ಮಿ ಉರುಳಿ ಹಿಮ್ಮಡಿಯ ಹಿಂಭಾಗವೂ ಅಡಿಯೂ ಹೋಗಿತ್ತು. ಅವರಿಗೆ ಮೀನಖಂಡದ ಚರ್ಮವನ್ನು ತಲೆಕೆಳಗು ಮಾಡಿ ಕೆಳಗಿಳಿಸಿದರು. ಅದಕ್ಕೆ ರಕ್ತ ಬರುವುದು ಹೊರ ಹರಡಿಗಿಂತ ನಾಲ್ಕೈದು ಬೆರಳು ಮೇಲೆ ಇರುವ ಸಣ್ಣ ನಾಳಗಳಿಂದ, ಅಲ್ಲಿಯೇ ಅದರ ತಿರುಗಣೆ. 1992ರಲ್ಲಿ ಫ್ರಾನ್ಸಿನ ಮಾಸ್ಕಲೆ ಬರೆದ ಮೇಲೆ ಇದು ಜಗತ್ತಿಗೆಲ್ಲ ಹರಡಿತು, ಯಾಕೆಂದರೆ ಮೈಕ್ರೋಸ್ಕೋಪ್ ಬೇಡ, ಕಾಲಿನ ದೊಡ್ಡ ರಕ್ತನಾಳ ಯಾವುದನ್ನೂ ಬಲಿಕೊಡಬೇಕಿಲ್ಲ, ಸಾಧಾರಣ ಆಪರೇಷನ್ ಥಿಯೇಟರಿನಲ್ಲೂ ಆಗುತ್ತದೆ. ಆದರೆ ಒಳಗೆ ಬಂದ ರಕ್ತ ಹೊರಗೆ ಹೋಗಲು ತಿಣುಕುತ್ತದೆ. ಅವರದ್ದು ಒಂದು ರಾತ್ರಿ ನೀಲಿಗಟ್ಟಿತು, ಡ್ಯೂಟಿ ಡಾಕ್ಟರ್ ಓಡಿಬಂದು ಹೊಲಿಗೆ ಸಡಿಲಿಸಿದರು, ತುದಿ ಒಂದಿಷ್ಟು ಸತ್ತರೂ ಉಳಿದದ್ದು ಬದುಕಿತು. ಸಕ್ಕರೆ ಇದ್ದವರಿಗೆ, ಬೀಡಿ ಸೇದುವವರಿಗೆ ಈ ತಾಪತ್ರಯ ಜಾಸ್ತಿ. ಇನ್ನೊಂದು, ಅದರ ಜೊತೆ ಬರುವ ನರವನ್ನು ಕತ್ತರಿಸುವುದರಿಂದ ಪಾದದ ಹೊರ ಅಂಚು ಜೋಮು ಹಿಡಿದ ಹಾಗೇ ಇರುತ್ತದೆ, ಹೊಸ ಹಿಮ್ಮಡಿಗೂ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ. ಮೀನಖಂಡದ ಚರ್ಮವಾದ್ದರಿಂದ ಹಿಮ್ಮಡಿಯಲ್ಲಿ ಕೂದಲು! "ಭಟ್ರೇ, ಗಡ್ಡದ ಜೊತೆ ಹಿಮ್ಮಡೀನೂ ಬೋಳಿಸ್ಬೇಕು ನಾನೀಗ" ಎಂದು ಫೋನಿನಲ್ಲಿ ಈಗಲೂ ನಗುತ್ತಾರೆ. ಮರ ಹತ್ತುವುದು ಬಿಟ್ಟಿದ್ದಾರೆ, ಗರಗಸದ ಮಿಲ್ಲಿನಲ್ಲಿ ಬೂಟು ಹಾಕಿಕೊಂಡು ಕೆಲಸ. ಬೂಟು ಹಾಕುವವರಿಗೆ ಇದು ಒಳ್ಳೆಯ ಆಯ್ಕೆ, ನನ್ನಂಥವನಿಗಲ್ಲ.

ಫ್ರೀ ಫ್ಲ್ಯಾಪ್. ಕಿಟಕಿ ಪಕ್ಕದ ಹುಡುಗ, ಇಂಜಿನಿಯರಿಂಗ್ ಓದುವವನು, ಬಸ್ಸಿನ ಚಕ್ರಕ್ಕೆ ಸಿಕ್ಕು ಅಂಗಾಲು ಮುಕ್ಕಾಲು ಪಾಲು ಹೋಗಿತ್ತು. ಅವನಿಗೆ ಹತ್ತಿರದಲ್ಲಿ ತರುವಂಥದ್ದು ಏನೂ ಉಳಿದಿರಲಿಲ್ಲ. ತೊಡೆಯ ಹೊರಮಗ್ಗುಲಿನಿಂದ ದೊಡ್ಡ ತುಂಡನ್ನು ಪೂರ್ತಿ ಬಿಡಿಸಿ, ಅದರ ರಕ್ತನಾಳವನ್ನು ಹರಡಿನ ಬಳಿಯ ನಾಳಕ್ಕೆ ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ಹೊಲಿದರು. ಕೆಲವು ಕಡೆ ಬೆನ್ನಿನ ಅಥವಾ ತೊಡೆಯ ಸ್ನಾಯು ತಂದು ಅದರ ಮೇಲೆ ಗ್ರಾಫ್ಟ್ ಹಾಕುತ್ತಾರಂತೆ. ಯಾವುದು ಮೇಲು ಎಂಬ ಬಗ್ಗೆ ಸರ್ಜನ್ನರಲ್ಲೇ ಒಮ್ಮತವಿಲ್ಲ. ಬೆಳಗ್ಗೆ ಒಳಗೆ ಹೋದವನು ಸಂಜೆ ಕತ್ತಲಾದ ಮೇಲೆ ಹೊರಗೆ ಬಂದ. ಆ ರಾತ್ರಿ ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಬಣ್ಣ ನೋಡುವುದು, ಒತ್ತಿ ನೋಡುವುದು, ಡಾಪ್ಲರ್ ಇಡುವುದು. ನಾಳದಲ್ಲಿ ಹೆಪ್ಪುಗಟ್ಟಿದರೆ ತಕ್ಷಣ ಮತ್ತೆ ಥಿಯೇಟರಿಗೆ ಒಯ್ಯಬೇಕು, ತಡಮಾಡಿದರೆ ಎಲ್ಲ ಹೋಯಿತು. ಅವನದ್ದು ಉಳಿಯಿತು. ಆದರೆ ಅಂಗಾಲು ಉಬ್ಬಿಕೊಂಡು ಒಂದು ಚಪ್ಪಲಿಯೂ ಹಿಡಿಸುತ್ತಿರಲಿಲ್ಲ, ಮುಂದೆ ಅದರೊಳಗಿನ ಕೊಬ್ಬು ತೆಗೆಸಲು ಇನ್ನೊಂದು ಆಪರೇಷನ್ ಆಯಿತು. ನಡೆಯುವಾಗ ಮೇಲಿನದ್ದು ಕೆಳಗಿನದರ ಮೇಲೆ ಜಾರಿದ ಹಾಗೆ ಅನ್ನಿಸುತ್ತದೆ ಎನ್ನುತ್ತಾನೆ. ಹಾಗೆಂದು ಕಾಲು ಕತ್ತರಿಸುವುದರಿಂದ ತಪ್ಪಿಸಿಕೊಂಡವನಿಗೆ ನಾವು ಅದರಲ್ಲಿ ಹುಳುಕು ಹುಡುಕುವುದು ಸರಿಯಲ್ಲ.

ಇವಲ್ಲದೆ ಸಣ್ಣ ಪುಟ್ಟವು ಇವೆ. ಬೊಟ್ಟಿನಷ್ಟು ಗಾಯಕ್ಕೆ ಅಕ್ಕಪಕ್ಕದ ಚರ್ಮವನ್ನೇ ಕೊರೆದು ಮುಂದೆ ತಳ್ಳುವುದು. ಮೂಳೆ ಕೊಳೆತ ಬೆರಳಿದ್ದರೆ ಮೂಳೆ ಮಾತ್ರ ತೆಗೆದು ಬೆರಳಿನ ಚರ್ಮವನ್ನು ಬಿಡಿಸಿ ಪಾದದ ಮುಂಭಾಗದ ಹುಣ್ಣಿಗೆ ಹೊದಿಸುವುದು. ಒಂದು ಕಾಲಿನ ಚರ್ಮವನ್ನು ಇನ್ನೊಂದು ಕಾಲಿಗೆ ಅಂಟಿಸಿ ಎರಡನ್ನೂ ಮೂರು ವಾರ ಕಟ್ಟಿಹಾಕುವುದು. ಕೊನೆಯದ್ದು 1854ರಷ್ಟು ಹಿಂದೆ ಅಮೆರಿಕದ ಹ್ಯಾಮಿಲ್ಟನ್ ಎಂಬವರು ಮಾಡಿದ್ದು, ಬೇರೆ ದಾರಿ ಇಲ್ಲದಾಗ ಈಗಲೂ ಮಾಡುತ್ತಾರೆ. ಮೂರು ವಾರ ಕಾಲು ಕಟ್ಟಿಕೊಂಡು ಶೌಚಕ್ಕೆ ಹೇಗಪ್ಪಾ ಹೋಗುವುದು ಅಂತ ಕೇಳಿದ್ದಕ್ಕೆ ಸಿಸ್ಟರ್ ನಕ್ಕರು, ಉತ್ತರ ಕೊಡಲಿಲ್ಲ.

ಇನ್ನೊಂದು ಮಾತು. ಬಹಳ ಕಾಲದಿಂದ ಒಣಗದ ಅಂಗಾಲಿನ ಹುಣ್ಣು, ಅಥವಾ ಬೆಳೆಯುತ್ತಿರುವ ಕಪ್ಪು ಕಲೆ ಇದ್ದರೆ ಮುಚ್ಚುವ ಮೊದಲು ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಮಾಡುವ ಪರೀಕ್ಷೆ, ಕೇಳಿ. ಅದು ಕ್ಯಾನ್ಸರೂ ಆಗಿರಬಹುದು. ನಮ್ಮಂಥ ಬಣ್ಣದವರಲ್ಲಿ ಚರ್ಮದ ಮೆಲನೋಮಾ ಬಂದರೆ ಅಂಗಾಲು ಅದರ ಮಾಮೂಲಿ ಜಾಗ. ಆಣಿ ಎಂದುಕೊಂಡು ಬ್ಲೇಡಿನಲ್ಲಿ ಕೆತ್ತುತ್ತಾ ಕೂತ ಒಬ್ಬರನ್ನು ಅದೇ ಒಪಿಡಿಯಲ್ಲಿ ಕಂಡೆ.

ನನ್ನ ಆಪರೇಷನ್ನಿನ ದಿನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಒಮ್ಮೆ ಉಪವಾಸ ಕೆಡವಿ ಮಧ್ಯಾಹ್ನ "ಎಮರ್ಜೆನ್ಸಿ ಬಂತು, ನಾಳೆ" ಅಂದರು. ಏಕಾದಶಿ ಅಭ್ಯಾಸ ಇದ್ದದ್ದರಿಂದ ತಡೆದುಕೊಂಡೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಎಚ್ಚರ ಇತ್ತು, ಒಳಗೆ ರೇಡಿಯೋ ಹಾಡುತ್ತಿತ್ತು. ಆಮೇಲಿನ ನೋವು ಹಿಮ್ಮಡಿಯಲ್ಲಲ್ಲ, ತೊಡೆಯಲ್ಲಿ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ: ಚರ್ಮ ಹೆರೆದ ಜಾಗ ಉರಿಯುವಷ್ಟು ಬೇರೆ ಯಾವುದೂ ಉರಿಯುವುದಿಲ್ಲ. ಎರಡು ಮೂರು ವಾರದಲ್ಲಿ ತಾನಾಗಿಯೇ ಮುಚ್ಚುತ್ತದೆ, ಆಮೇಲೆ ತುರಿಕೆ ಶುರು. ಕೊಬ್ಬರಿ ಎಣ್ಣೆ ಸವರುತ್ತಿರಿ, ಕೆರೆಯಬೇಡಿ.

ಹೊಗೆಸೊಪ್ಪಿನ ವಿಷಯ. ನಮ್ಮೂರು ಅಡಿಕೆಯ ಊರು, ಎಲೆಯಡಿಕೆ ಇಲ್ಲದೆ ಮಾತೇ ಹೊರಡುವುದಿಲ್ಲ, ಅದಕ್ಕೊಂದು ಚೂರು ಹೊಗೆಸೊಪ್ಪು. ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದರು. "ಅದು ರಕ್ತನಾಳ ಮುದುಡಿಸ್ತದೆ ಭಟ್ರೇ. ನಾನು ಗಂಟೆಗಟ್ಟಲೆ ಕೂತು ಉಳಿಸಿದ್ದನ್ನು ನೀವು ಒಂದು ಚಿಟಿಕೆಯಲ್ಲಿ ಕೊಲ್ತೀರಿ." ಬಿಟ್ಟೆ. ಬಾಯಿ ತುಂಬಾ ಏಲಕ್ಕಿ ಹಾಕಿಕೊಂಡು ಕಳೆದೆ.

ಆಸ್ಪತ್ರೆ ಕ್ಯಾಂಟೀನಿಗೆ ಎರಡು ಸ್ಟಾರ್. ಗಾಯ ಮಾಯಲು ಪ್ರೋಟೀನ್ ಬೇಕು ಎಂದು ಡಯಟಿಷಿಯನ್ ಚೀಟಿಯಲ್ಲಿ ಮೊಟ್ಟೆ ಬರೆದರು, ನಾನು ತಿನ್ನುವವನಲ್ಲ ಅಂದದ್ದಕ್ಕೆ ಬೇಳೆ ಅಂತ ತಿದ್ದಿದರು. ಬಂದ ಸಾಂಬಾರಿನಲ್ಲಿ ಬೇಳೆ ಹುಡುಕಲು ಸೌಟು ಅಲ್ಲ, ಮೇಡಂ ಅವರ ಮೈಕ್ರೋಸ್ಕೋಪ್ ಬೇಕಿತ್ತು. ಕೊನೆಗೆ ಮನೆಯವಳು ಹತ್ತಿರದ ನೆಂಟರ ಮನೆಯಿಂದ ಹೆಸರುಕಾಳಿನ ಉಸಲಿ, ಗಟ್ಟಿ ಮೊಸರು ತರುತ್ತಿದ್ದಳು. ನರ್ಸುಗಳಿಗೆ ಮಾತ್ರ ಎಷ್ಟು ಸ್ಟಾರ್ ಕೊಟ್ಟರೂ ಕಡಿಮೆ. ಕಾಲು ಎತ್ತರಕ್ಕೆ ಇಟ್ಟಿದ್ದೇನಾ, ಹಿಮ್ಮಡಿ ಹಾಸಿಗೆಗೆ ಒತ್ತುತ್ತಿದೆಯಾ ಎಂದು ನಡುರಾತ್ರಿಯೂ ಬಂದು ನೋಡುತ್ತಿದ್ದರು. ಆಪರೇಷನ್ ಆದ ಹಿಮ್ಮಡಿಯ ಮೇಲೆ ನಿದ್ದೆಯಲ್ಲಿ ಭಾರ ಬಿಟ್ಟರೆ ಎಲ್ಲ ಹಾಳು.

ದುಡ್ಡಿನ ಬಗ್ಗೆ ಕೇಳುವವರಿಗೆ: ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡ 30, ಅದೂ ಒಂದೂವರೆ ಲಕ್ಷದೊಳಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಂಡೇ ಹೋಗಿ. ಕೌಂಟರಿನವರು ಆ ಚೀಟಿಯ ಮುಖ ನೋಡದೆ ನಿಮ್ಮ ಮುಖ ನೋಡುವುದಿಲ್ಲ.

ಈಗ ಬಳಕೆಯ ಮಾತು, ವರ್ಷ ದಾಟಿದೆ.

ಕಾಲೂರಬಾರದು ಎಂದು ಒಂದೂವರೆ ತಿಂಗಳಿನಷ್ಟು ಕಾಲ ವಾಕರ್ ಹಿಡಿಸಿದರು. ಆಮೇಲೆ ಸ್ವಲ್ಪ ಸ್ವಲ್ಪವೇ ಭಾರ. ಮೊದಮೊದಲು ಒಂದು ವಿಚಿತ್ರ ನಡೆಯುತ್ತಿತ್ತು. ಹಿಮ್ಮಡಿಗೆ ಏನಾದರೂ ತಾಗಿದರೆ ಗುಳಿಯಲ್ಲಿ ತಾಗಿದ ಹಾಗೆ ಅನ್ನಿಸುವುದು. ಅಂಗಳದ ಕಲ್ಲು ಹಿಮ್ಮಡಿಗೆ ಚುಚ್ಚಿದರೆ ನಾನು ಗುಳಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮನೆಯವಳು "ರೀ, ತಲೆಗೂ ಏಟು ಬಿದ್ದಿತ್ತಾ?" ಅಂದಳು. ನರ ಹಳೆಯದು, ಜಾಗ ಹೊಸದು, ಮಿದುಳಿಗೆ ವಿಳಾಸ ಬದಲಾದದ್ದು ಗೊತ್ತಾಗಲು ತಿಂಗಳುಗಳು ಬೇಕು ಎಂದು ಫಿಸಿಯೋಥೆರಪಿಯವರು ಹೇಳಿದರು. ಈಗ ಬಹುಪಾಲು ಹಿಮ್ಮಡಿಯದ್ದು ಹಿಮ್ಮಡಿಯಲ್ಲೇ ಗೊತ್ತಾಗುತ್ತದೆ.

ಮೊನ್ನೆ ಒಂದು ಉಪನಯನದಲ್ಲಿ ಅನ್ನ ಬಸಿಯುವಾಗ ಹುಡುಗರ ಕೈಜಾರಿ ಬಿಸಿ ಗಂಜಿ ನೆಲದ ಮೇಲೆ ಹರಿದು ಬಂತು. ಚಪ್ಪಲಿಯ ಹಿಂದಿನ ಅಂಚು ದಾಟಿ ಹಿಮ್ಮಡಿಗೆ ಚುರ್ ಅಂದದ್ದೇ ಕಾಲು ತೆಗೆದೆ. ಮೂಡಿಗೆರೆಯವರಿಗಾಗಿದ್ದರೆ ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು. ಅಡುಗೆಯವರು, ಬೆಂಕಿ ಹತ್ತಿರ ಕೆಲಸದವರು, ಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯುವವರು ಸರ್ಜನ್ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಸ್ಪರ್ಶ ಇರ್ತದಾ?" ಚೆಂದ ಕಾಣುತ್ತದಾ ಎಂಬುದು ಆಮೇಲೆ, ಅಂಗಾಲನ್ನು ನೋಡುವವರು ಯಾರಿದ್ದಾರೆ.

ತೊಂದರೆ ಇಲ್ಲವೆಂದಲ್ಲ. ಹೊಸ ಹಿಮ್ಮಡಿಯೂ ಗುಳಿಯ ಗ್ರಾಫ್ಟೂ ಸೇರುವ ಗೆರೆಯುದ್ದಕ್ಕೆ ಜಡ್ಡು ಕಟ್ಟುತ್ತದೆ. ಸ್ನಾನ ಮಾಡುವಾಗ ನೆನೆಸಿ ಉಜ್ಜುಗಲ್ಲಿನಲ್ಲಿ ಮೆಲ್ಲಗೆ ಉಜ್ಜುತ್ತೇನೆ, ಬ್ಲೇಡ್ ಮುಟ್ಟಿಸುವುದಿಲ್ಲ. ಚಳಿಗಾಲದಲ್ಲಿ ಆ ಗೆರೆ ಬಿರಿಯುತ್ತದೆ, ರಾತ್ರಿ ವ್ಯಾಸಲೀನ್ ಮೆತ್ತಿ ಕಾಲುಚೀಲ ಹಾಕಿ ಮಲಗಬೇಕು. ಗುಳಿಯಲ್ಲಿ ಸ್ಪರ್ಶ ಇಲ್ಲ, ಅಲ್ಲಿ ಮುಳ್ಳು ಹೊಕ್ಕರೂ ಗೊತ್ತಾಗದು, ದಿನಾ ಸಂಜೆ ಕನ್ನಡಿ ನೆಲಕ್ಕಿಟ್ಟು ನೋಡುತ್ತೇನೆ. ಹಳೆಯ ಹಿಮ್ಮಡಿಯಷ್ಟು ಹೊತ್ತು ನಿಲ್ಲಲು ಆಗುವುದಿಲ್ಲ. ಒಲೆ ಪಕ್ಕ ಒಂದು ಎತ್ತರದ ಸ್ಟೂಲ್ ಬಂದಿದೆ, ಹೋಳಿಗೆ ಲಟ್ಟಿಸುವುದು, ತರಕಾರಿ ಹೆಚ್ಚುವುದು ಈಗ ಕೂತೇ.

ಕಡಿದ ಒಂದು ಸ್ಟಾರಿಗೆ ಬರುತ್ತೇನೆ. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು, ಆಂಟಿಬಯೋಟಿಕ್ ಇಷ್ಟು ದಿನ, ರಿವ್ಯೂ ಇಂಥ ದಿನ. ಚಪ್ಪಲಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಅಷ್ಟು ಹೊತ್ತು ಕೂತು ಹಿಮ್ಮಡಿ ಮಾಡಿಕೊಟ್ಟವರು ಅದು ಯಾವುದರ ಮೇಲೆ ನಿಲ್ಲಬೇಕು ಅಂತ ಬರೆಯಲಿಲ್ಲ. ನಾನೇ ಫಿಸಿಯೋಥೆರಪಿ ಕೋಣೆಯಲ್ಲಿ ವಿಚಾರಿಸಿದಾಗ ಎಂಸಿಆರ್ ಚಪ್ಪಲಿ ಅಂದರು, ಮೈಕ್ರೋ ಸೆಲ್ಯುಲಾರ್ ರಬ್ಬರಿನ ಅಟ್ಟೆ, ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಏಳುತ್ತದೆ. 1946ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಬಂದು ಮುಂದೆ ಕುಷ್ಠರೋಗಿಗಳ ಕೈಕಾಲು ಸರಿಮಾಡಿದ ಡಾಕ್ಟರ್ ಪಾಲ್ ಬ್ರಾಂಡ್ ಅವರ ಕಥೆಯನ್ನೂ ಹೇಳಿದರು. ಸ್ಪರ್ಶವಿಲ್ಲದ ಕಾಲಿಗೆ ಹುಣ್ಣಾಗುವುದು ರೋಗದಿಂದಲ್ಲ, ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂದು ತೋರಿಸಿದ್ದು ಅವರು. ಪ್ಲಾಸ್ಟರ್ ಕಟ್ಟಿ ಒತ್ತಡ ಹಂಚಿದರೆ ವರ್ಷಗಟ್ಟಲೆಯ ಹುಣ್ಣು ಒಣಗುತ್ತಿತ್ತಂತೆ. ಈ ಮಾತನ್ನು ಹೇಳಲು ಐದು ನಿಮಿಷ ಸಾಕಾಯಿತು. ಅದನ್ನು ವಾರ್ಡಿನಲ್ಲೇ, ಎಲ್ಲರಿಗೂ, ಕನ್ನಡದಲ್ಲಿ ಹೇಳಬಹುದಿತ್ತು. ಸಕ್ಕರೆಯ ಅಜ್ಜಿ ಹವಾಯಿ ಚಪ್ಪಲಿ ಮೆಟ್ಟಿಕೊಂಡೇ ಮನೆಗೆ ಹೋದರು. ಎಂಸಿಆರ್‌ಗೆ ಯೋಜನೆಯ ದುಡ್ಡು ಬರಲಿಲ್ಲ, ಕೈಯಿಂದ ಕೊಟ್ಟೆ. ಹಿಂದೆ ಪಟ್ಟಿ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಬೆರಳು ಬಿಗಿಹಿಡಿದು ನಡೆದು ಹಿಮ್ಮಡಿ ಉಜ್ಜುತ್ತದೆ.

ಇನ್ನು ಅಡುಗೆ ಮನೆಯ ಮಡಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಒಳಗಿಗೇ ಬೇರೆ ಜೊತೆ ಇಟ್ಟಿದ್ದೇನೆ, ಹೊರಗಿನ ನೆಲ ಕಂಡದ್ದಲ್ಲ, ತೊಳೆದು ಚೀಲದಲ್ಲಿ ಒಯ್ಯುತ್ತೇನೆ. ಕೊಪ್ಪದ ಕಡೆಯ ಒಂದು ಮನೆಯಲ್ಲಿ ಯಜಮಾನರು ಮುಖ ಸಿಂಡರಿಸಿದರು. "ರಾಯರೇ, ಚಪ್ಪಲಿ ಬಿಟ್ಟರೆ ಭಟ್ಟ ಇಲ್ಲ, ಭಟ್ಟ ಬೇಕಾದರೆ ಚಪ್ಪಲಿ ಸಮೇತ" ಅಂದೆ. ಅವರ ತಾಯಿ, ಎಂಬತ್ತು ದಾಟಿದವರು, ಒಳಗಿನಿಂದಲೇ "ಅವನ ಕಾಲು ನೋಡ್ಬೇಡ್ವೋ, ಹುಳಿ ನೋಡು" ಅಂದರು. ಶ್ರಾದ್ಧಕ್ಕೆ ಮಾತ್ರ ಈಗ ನಾನು ಹೋಗುವುದಿಲ್ಲ, ತಮ್ಮನನ್ನು ಕಳಿಸುತ್ತೇನೆ. ಅವರ ನಂಬಿಕೆ ಅವರಿಗಿರಲಿ, ನನ್ನ ಹಿಮ್ಮಡಿ ನನಗಿರಲಿ.

ಅಟ್ಟೆ ತಗ್ಗಿ ಒತ್ತಿದರೂ ಮೇಲೇಳದ ಹಾಗೆ ಆದಾಗ ಬದಲಾಯಿಸಬೇಕು. ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕ ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಎಂಸಿಆರ್ ಹಾಳೆ ಕೊಂಡು ಕೊಟ್ಟರೆ ಅಚ್ಚುಕಟ್ಟಾಗಿ ಕತ್ತರಿಸಿ ಕೂರಿಸಿ ಕೊಡುತ್ತಾರೆ. ಅಭ್ಯಾಸಬಲದಿಂದ ಮೊಳೆ ಹೊಡೆಯಲು ಹೋಗುತ್ತಾರೆ, ಅಟ್ಟೆ ಸವೆದಂತೆ ಅದು ಮೇಲೆದ್ದು ಸ್ಪರ್ಶ ಇಲ್ಲದ ಕಡೆ ಹೊಕ್ಕರೆ ಮತ್ತೆ ಅದೇ ವಾರ್ಡು. ಮೊಳೆ ಬೇಡ, ಅಂಟು, ಹೊಲಿಗೆ ಮಾತ್ರ ಎಂದು ಮೊದಲೇ ಹೇಳಿ, ಮುಗಿಯುವ ತನಕ ಅಲ್ಲೇ ಕೂತಿರಿ.